ಬಪ್ಪನಾಡಲ್ಲೂ ಬ್ಯಾನರ್ ಬಿತ್ತು, ಇನ್ನು ಓಟು ಯಾರಿಗೆ ಅಂತ ಹಾಕೋದು?

ಮೂಲ್ಕಿಯವ:
ಬಪ್ಪನಾಡು ದೇವಸ್ಥಾನದ ಕಥೆ ಕರಾವಳಿಯವರಿಗೆ ಗೊತ್ತೇ ಉಂಟು. ಬಪ್ಪ ಬ್ಯಾರಿ ಅಂತ ಮುಸ್ಲಿಂ ವ್ಯಾಪಾರಿ, ಅವನ ದೋಣಿ ಶಾಂಭವಿ ಹೊಳೆಯಲ್ಲಿ ಸಿಕ್ಕಿಹಾಕ್ಕೊಂಡಿತು, ಕನಸಲ್ಲಿ ದೇವಿ ಬಂದ್ರು, ಅವನೇ ಗುಡಿ ಕಟ್ಟಿಸಿದ ಅಂತ ಐತಿಹ್ಯ, ಇವತ್ತಿಗೂ ಜಾತ್ರೆಲಿ ಅವನ ಮನೆತನಕ್ಕೆ ಪ್ರಸಾದ ಸಲ್ಲುತ್ತೆ. 2022ರ ಮಾರ್ಚಲ್ಲಿ ಅದೇ ಜಾತ್ರೆಗೆ ಮುಸ್ಲಿಮರು ಅಂಗಡಿ ಹಾಕ್ಬಾರ್ದು ಅಂತ ಬ್ಯಾನರ್ ಬಿತ್ತು ಮಾರಾಯ್ರೆ. ಅದಕ್ಕೂ ಮೊದ್ಲು ಕಾಪು ಮಾರಿಗುಡಿ ಸುಗ್ಗಿ ಮಾರಿಪೂಜೆಲಿ ಶುರುವಾಗಿತ್ತು. ಹಿಜಾಬ್ ತೀರ್ಪಿನ ಮೇಲೆ ಮುಸ್ಲಿಮರು ಅಂಗಡಿ ಬಂದ್ ಮಾಡಿದ್ರಲ್ಲ, ಅದಕ್ಕೆ ಉತ್ತರ ಇದು ಅಂತ ಹೇಳಿದ್ರು.

ನಮ್ಮಮ್ಮ ಪ್ರತಿ ಜಾತ್ರೆಲೂ ಒಬ್ಬ ಬ್ಯಾರಿ ಅಜ್ಜನ ಹತ್ರವೇ ಬಳೆ ಇಡಿಸ್ಕೊಳ್ತಿದ್ದದ್ದು, ಕೈ ಹಿಡಿದು ನೋಡಿದ ಕೂಡ್ಲೇ ಅಳತೆ ಹೇಳ್ತಿದ್ರು, ಒಂದು ಬಳೆ ಒಡೆದ್ರೂ ದುಡ್ಡು ತಗೊಳ್ತಿರ್ಲಿಲ್ಲ. ಆ ವರ್ಷ ಅವರು ಬರ್ಲಿಲ್ಲ, ಅಮ್ಮ ಬಳೆ ತಗೊಳ್ಳದೆ ವಾಪಸ್ ಬಂದ್ರು. ಆಗಿದ್ದ ಬಿಜೆಪಿ ಸರ್ಕಾರ ತಡೀತದೆ ಅಂತ ನಾನು ಅಂದ್ಕೊಂಡಿದ್ದೆ, ಆದ್ರೆ ಕಾನೂನು ಮಂತ್ರಿ ಸದನದಲ್ಲಿ ನಿಯಮ ಓದಿ ಹೇಳಿದ್ರು, ಅಷ್ಟೇ. ವಿರೋಧ ಪಕ್ಷದವರು ಮಾತಾಡಿದ್ರು, ಹೌದು, ಆದ್ರೆ ನಮ್ಮ ಕಡೆ ಬಂದು ಆ ಬ್ಯಾನರ್ ಮುಂದೆ ನಿಂತವರು ಯಾರನ್ನೂ ನಾನು ಕಾಣ್ಲಿಲ್ಲ. ಅವತ್ತಿಂದ ಯಾವ ಪಕ್ಷದ ಮೇಲೂ ಮನಸ್ಸಿಲ್ಲ. ಯಾರೂ ಬೇಡ ಅಂತ ನೋಟಾ ಒತ್ತಿ ಬರೋದಾ, ಓಟು ಹಾಕೋದೇ ಬಿಡೋದಾ, ನೀವೆಲ್ಲ ಏನ್ ಮಾಡ್ತೀರಿ?

ಮೈಸೂರು ವಕೀಲ:
ಆ ನಿಯಮ ಮುಜರಾಯಿ ಕಾಯ್ದೆಯ 2002ರ ನಿಯಮಗಳಲ್ಲಿ 31(12) ಕಣ್ರೀ. ಸಂಸ್ಥೆಯ ಹತ್ತಿರದ ಜಮೀನು, ಕಟ್ಟಡ, ನಿವೇಶನ ಹಿಂದೂಗಳಲ್ಲದವ್ರಿಗೆ ಗುತ್ತಿಗೆ ಕೊಡಬಾರ್ದು ಅಂತ ಇದೆ, ಜಾತ್ರೆ ದಿನ ಕೂತು ಬಳೆ ಮಾರೋರಿಗೆ ಇದನ್ನ ಎಳ್ಕೊಂಡು ಬಂದಿದ್ದೇ ತಪ್ಪು ಅಂತ ನನ್ನ ಅಭಿಪ್ರಾಯ. 2002ರಲ್ಲಿ ಇದ್ದಿದ್ದು ಎಸ್.ಎಂ. ಕೃಷ್ಣ ಅವರ ಕಾಂಗ್ರೆಸ್ ಸರ್ಕಾರ, ಒಬ್ರು ಬರೆದಿಟ್ರು ಇನ್ನೊಬ್ರು ಬಳಸ್ಕೊಂಡ್ರು, ಹಾಗಾಗಿ ನಿಮ್ಮ ಬೇಜಾರು ನನಗೆ ಪೂರ್ತಿ ಅರ್ಥ ಆಗುತ್ತೆ. ನಮ್ಮ ರಾಜ್ಯದ ಮುಖ್ಯಮಂತ್ರಿ ಆಗಿದ್ದ ಎಸ್.ಆರ್. ಬೊಮ್ಮಾಯಿ ಹೆಸರಲ್ಲೇ 1994ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ಜಡ್ಜ್‌ಗಳ ಪೀಠದ ತೀರ್ಪು ಬಂತು, ಜಾತ್ಯತೀತತೆ ಸಂವಿಧಾನದ ಮೂಲ ಸ್ವರೂಪ ಅಂತ. 2017ರಲ್ಲಿ ಧರ್ಮದ ಹೆಸರಲ್ಲಿ ಓಟು ಕೇಳೋದು ಭ್ರಷ್ಟ ನಡವಳಿಕೆ ಅಂತ ಏಳು ಜಡ್ಜ್‌ಗಳ ಪೀಠ 4:3ರಲ್ಲಿ ಹೇಳ್ತು. ಆದ್ರೂ 2023ರ ಚುನಾವಣೆಲಿ ಬಜರಂಗಬಲಿ ಘೋಷಣೆ ಕೂಗಿ ಬಟನ್ ಒತ್ತಿ ಅಂತ ಬಿಜೆಪಿಯವ್ರು ವೇದಿಕೆ ಮೇಲಿಂದಾನೇ ಕೇಳಿದ್ರು, ಕಾಂಗ್ರೆಸ್‌ನವ್ರು ಹನುಮಂತನ ಗುಡಿ ಕಟ್ಟಿಸ್ತೀವಿ ಅಂದ್ರು. ನೋಟಾ ಒತ್ತಬೇಡಿ, ಅದು 2013ರಿಂದ ಇದೆ, ಎಷ್ಟು ಜನ ಒತ್ತಿದ್ರೂ ಉಳಿದವ್ರಲ್ಲಿ ಹೆಚ್ಚು ಓಟು ಬಂದವ್ರೇ ಗೆಲ್ಲೋದು.

ಕುಷ್ಟಗಿ ಮಂದಿ:
ಸರ, ನಿಮಗ ಬ್ಯಾನರ್ ಕಂಡೈತಿ, ನಮ್ ಕಡಿ ಬ್ಯಾನರೂ ಬೇಕಾಗಿಲ್ಲ. ನಮ್ ತಾಲೂಕಿನ ಮಿಯಾಪುರದಾಗ 2021ರಾಗ ಎರಡ್ ವರ್ಷದ ದಲಿತ ಕೂಸು, ಅದರ ಹುಟ್ಟುಹಬ್ಬದ ದಿನ, ಅಪ್ಪ ಹೊರಗ ನಿಂತು ಕೈ ಮುಗಿಯೋವಾಗ ಹನಮಪ್ಪನ ಗುಡಿ ಒಳಗ ಓಡೇತಿ, ಅಷ್ಟಕ್ಕ ಶುದ್ಧಿ ಮಾಡಾಕ ಅಂತ ಸಾವಿರಾರು ರೂಪಾಯಿ ದಂಡ ಕೇಳಿದ್ರು. ಅಲ್ಲಿ ಯಾವ್ ಮುಸ್ಲಿಮರು ಇದ್ರು ಹೇಳ್ರಿ? ದೇವ್ರ ಹೆಸರ್ಲೆ ಮನಶ್ಯಾನ್ನ ಹೊರಗ ನಿಲ್ಲಸೂದು ಮೊದಲಿಂದ ಬಂದೈತಿ, ಈಗ ಅದಕ್ಕ ಸರ್ಕಾರದ ಸಿಕ್ಕಾ ಬಿದ್ದೈತಿ ಅಷ್ಟ. 2023ರ ಮಾರ್ಚ್‌ದಾಗ, ಇನ್ನೇನ್ ಇಲೆಕ್ಷನ್ ಬಂತು ಅನ್ನೂ ಹೊತ್ತಿಗೆ, ಮುಸ್ಲಿಮರಿಗಿದ್ದ 2ಬಿ ಮೀಸಲಾತಿ 4% ಕಿತ್ತು ಒಕ್ಕಲಿಗರಿಗೆ 2%, ಲಿಂಗಾಯತರಿಗೆ 2% ಹಂಚಿದ್ರು. ಸುಪ್ರೀಂ ಕೋರ್ಟಿನಾಗ ಕೇಳಿದ್ ಕೂಡ್ಲೆ ಸದ್ಯಕ್ಕ ಜಾರಿ ಮಾಡಂಗಿಲ್ಲ ಅಂದ್ರು. ಬಡವ್ರ ಮಕ್ಕಳ ಸೀಟು ಅವು, ಅದರ ಮ್ಯಾಲ ಇಷ್ಟ್ ಹಗುರ ಆಟ ಆಡಿದ್ರಲ್ಲ, ಹೊಟ್ಟಿ ಉರೀತೈತ್ರಿ. ಆದ್ರ ಓಟು ಬಿಡಬ್ಯಾಡ್ರಿ. ನಮ್ಮಂತಾವ್ರ ಕೈಯಾಗ ಇರೂದು ಅದೊಂದ.

ಶಿರಸಿ ಭಟ್ಟ:
ಒಂದು ಮಾತು ಒಪ್ಪಲ್ಲ. ಧರ್ಮ ಸರ್ಕಾರದೊಳಗೆ ಬಂತು ಅಂತೀರಿ, ಸರ್ಕಾರ ದೇವಸ್ಥಾನದೊಳಗೆ ಬಂದಿದ್ದನ್ನ ಯಾರೂ ಹೇಳಲ್ಲ. ಆಡಳಿತಾಧಿಕಾರಿ ಸರ್ಕಾರದವ್ರು, ಸಮಿತಿ ನೇಮಕ ಸರ್ಕಾರದ್ದು, ಹುಂಡಿ ಲೆಕ್ಕವೂ ಅವರದ್ದೇ. 2024ರ ಫೆಬ್ರವರಿಲಿ ಮುಜರಾಯಿ ತಿದ್ದುಪಡಿ ಮಸೂದೆ ಪರಿಷತ್ತಲ್ಲಿ ಬಿತ್ತಲ್ಲ, ದೊಡ್ಡ ದೇವಸ್ಥಾನದ ಆದಾಯದಲ್ಲಿ ಪಾಲು ತಗೊಂಡು ಕಡಿಮೆ ಆದಾಯದ ಸಿ ದರ್ಜೆ ಗುಡಿಗಳಿಗೆ ಕೊಡ್ತೀವಿ ಅಂತ ಒಬ್ರು, ಹಿಂದೂಗಳ ದುಡ್ಡು ಲೂಟಿ ಅಂತ ಇನ್ನೊಬ್ರು, ಸೋರೋ ಗುಡಿಲಿ ಪೂಜೆ ಮಾಡೋ ಅರ್ಚಕನ್ನ ಇಬ್ರೂ ಕೇಳ್ಲಿಲ್ಲ. ಮಠಗಳನ್ನೆಲ್ಲ ಒಟ್ಟಿಗೆ ಬೈಯೋದೂ ಬೇಡ, ಸಿದ್ಧಗಂಗೆಲಿ ಜಾತಿ ಕೇಳದೆ ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ ಕೊಟ್ಟಿದ್ದಾರೆ. ಬಳೆ ಅಜ್ಜನ್ನ ತಡೆದದ್ದು ತಪ್ಪು, ಅದರಲ್ಲಿ ಎರಡು ಮಾತಿಲ್ಲ.

ಮೂಲ್ಕಿಯವ:
ಭಟ್ರೆ, ನಾನು ದೇವರನ್ನ ಬೈಲಿಲ್ಲ, ನಾನೂ ಬಪ್ಪನಾಡಿಗೆ ಹೋಗುವವನೇ. ದೇವಸ್ಥಾನ ಸರ್ಕಾರದ ಕೈಲಿ ಇರುವಾಗ ಅಲ್ಲಿ ಒಬ್ಬ ಪ್ರಜೆಯನ್ನ ಧರ್ಮ ನೋಡಿ ಹೊರಗಿಟ್ರೆ ಅದು ಸರ್ಕಾರವೇ ಇಟ್ಟ ಹಾಗಲ್ವಾ? ಅದೇ ನನಗೆ ನುಂಗ್ಲಿಕ್ಕೆ ಆಗದ್ದು.

ಕುಂದಾಪ್ರ ಹೆಣ್ಣು:
ಮೂಲ್ಕಿಯವರೆ, ಎಂಎಲ್‌ಎ ಓಟು ಐದು ವರ್ಷಕ್ಕೊಮ್ಮೆ, ಆದ್ರೆ ಜಾತ್ರೆ ಅಂಗಡಿ ಏಲಂ ಹೇಗೆ ಅಂತ ಮಾತಾಡೋದು ದೇವಸ್ಥಾನದ ವ್ಯವಸ್ಥಾಪನಾ ಸಮಿತಿ. ಮುಜರಾಯಿ ದೇವಸ್ಥಾನ ಆದ್ರೆ ಅದರಲ್ಲಿ ಒಂಬತ್ತು ಜನ, ಹೆಂಗಸರಿಗೆ, ಪರಿಶಿಷ್ಟರಿಗೂ ಸ್ಥಾನ ಉಂಟು, ಅವಧಿ ಮೂರು ವರ್ಷ, ಅರ್ಜಿ ಕರೀತಾರೆ. ನಮ್ಮಲ್ಲಿ ಪಕ್ಷದವರು ಮಾತ್ರ ಅರ್ಜಿ ಹಾಕ್ತಾರೆ, ಉಳಿದವರಿಗೆ ಕರೆದದ್ದೇ ಗೊತ್ತಾಗುದಿಲ್ಲ, ಹಾಗಾಗಿ ಬ್ಯಾನರ್ ಹಿಡ್ಕೊಂಡು ಬಂದವರಿಗೆ ಬೇಡ ಅಂತ ಹೇಳುವ ಒಂದು ಬಾಯಿ ಒಳಗೆ ಇರುದಿಲ್ಲ. ನಿಮ್ಮ ಅಮ್ಮನ ಹೆಸರಲ್ಲೇ ಒಂದು ಅರ್ಜಿ ಹಾಕಿ. ನಾನು ನಮ್ಮೂರಲ್ಲಿ ಹಾಕಿದ್ದೇನೆ, ಇನ್ನೂ ಆದೇಶ ಬರ್ಲಿಲ್ಲ.