ಬಿಸ್ಕತ್ತು ಬಿಟ್ಟರೆ ಬೇರೇನೂ ಬೇಡ ಎನ್ನುವ ಮಗನಿಗೆ ಸಂಜೆ ಏನು ಕೊಡಲಿ?

ಕೇಳಿದವರು: ತೀರ್ಥಹಳ್ಳಿ ಸೊಸೆ

ನಮ್ಮದು ತೀರ್ಥಹಳ್ಳಿಯಿಂದ ಆಗುಂಬೆ ಕಡೆಗೆ ಹೋಗುವಾಗ ಒಳಗೆ ಸಿಗುವ ಒಂಟಿಮನೆ. ಮಗನಿಗೆ ನಾಲ್ಕೂವರೆ ವರ್ಷ. ಅಂಗನವಾಡಿಯಿಂದ ಬಂದವನು ಚಪ್ಪಲಿ ಬಿಡುವ ಮೊದಲೇ ಬಿಸ್ಕತ್ತಿನ ಡಬ್ಬಿಗೆ ಕೈ ಹಾಕುತ್ತಾನೆ. ಬಾಳೆಹಣ್ಣು ಕೊಟ್ಟರೆ "ಅಂಟು" ಎನ್ನುತ್ತಾನೆ. ಕಡುಬನ್ನು ಬೆರಳಿನಿಂದ ಒತ್ತಿ ನೋಡಿ ತಟ್ಟೆ ದೂಡುತ್ತಾನೆ. ಗೆಣಸು ಬೇಯಿಸಿ ಕೊಟ್ಟರೆ ಬೆಕ್ಕಿಗೆ ಹಾಕಿದ, ಬೆಕ್ಕೂ ಮುಟ್ಟಲಿಲ್ಲ. ರಾಗಿ ಗಂಜಿಯ ಕಥೆ ಹೇಳುವುದೇ ಬೇಡ, ಗೋಡೆಯ ಮೇಲೆ ಇನ್ನೂ ಕಲೆಯಿದೆ.

ಅತ್ತೆ "ಹಸಿದರೆ ತಾನೇ ತಿನ್ನುತ್ತಾನೆ ಬಿಡು" ಎನ್ನುತ್ತಾರೆ. ಹತ್ತು ನಿಮಿಷ ಕಳೆಯುವುದರೊಳಗೆ ಅವರೇ ಸೆರಗಿನ ಮರೆಯಲ್ಲಿ ಎರಡು ಬಿಸ್ಕತ್ತು ದಾಟಿಸುತ್ತಾರೆ. ತೂಕ ಸರಿಯಿದೆ ಎಂದು ಡಾಕ್ಟರು ಹೇಳಿದ್ದಾರೆ. ದಯವಿಟ್ಟು ಬಾದಾಮಿ, ಬೆಣ್ಣೆಹಣ್ಣು ಎಂದು ಪಟ್ಟಿ ಕೊಡಬೇಡಿ. ಈ ಮಳೆಯಲ್ಲಿ ನಾವು ಪೇಟೆ ನೋಡುವುದು ವಾರಕ್ಕೊಮ್ಮೆ.

ಉತ್ತರ: ಶಿವಮೊಗ್ಗದ ಅಪ್ಪ

ರಾಗಿ ಹುರಿಹಿಟ್ಟಿಗೆ ಬೆಲ್ಲ, ತುಪ್ಪ ಹಾಕಿ ಉಂಡೆ ಕಟ್ಟಿ. ನನ್ನ ಮಗಳು ದಿನಕ್ಕೆ ಎರಡು ತಿನ್ನುತ್ತಾಳೆ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಹೆಚ್ಚು ಕ್ಯಾಲ್ಸಿಯಂ ಇರುತ್ತದೆ.

ತೀರ್ಥಹಳ್ಳಿ ಸೊಸೆ: ಮಾಡಿದ್ದೆ ಅಣ್ಣ. ಗೋಲಿಯಂತೆ ಉರುಳಿಸಿ ಆಡಿದ.

ಉತ್ತರ: ಸಾಗರದ ಅಜ್ಜಿ

ತಂಗಿ, ನೀನು ಬರೆದಿದ್ದನ್ನು ಎರಡು ಸಲ ಓದಿದೆ. ಅವನು ಬೇಡವೆಂದದ್ದು ಯಾವುದು ನೋಡು: ಬಾಳೆಹಣ್ಣು, ಕಡುಬು, ಗೆಣಸು, ಗಂಜಿ. ಎಲ್ಲವೂ ಮೆತ್ತಗೆ. ಅವನಿಗೆ ರುಚಿಯ ತಕರಾರಲ್ಲ, ಹಲ್ಲಿಗೆ ಸದ್ದು ಬೇಕು. ಆಷಾಢದಲ್ಲಿ ನಮ್ಮ ಮನೆಗಳಲ್ಲಿ ಉಪ್ಪೂ ನೀರಾಗುತ್ತದೆ, ಅವಲಕ್ಕಿ ಚರ್ಮದಂತಾಗುತ್ತದೆ. ಗರಿಗರಿಯಾಗಿ ಉಳಿಯುವುದು ಪೊಟ್ಟಣದೊಳಗಿನ ಬಿಸ್ಕತ್ತು ಒಂದೇ. ಮಗುವಿನದೇನು ತಪ್ಪು?

ಅಕ್ಕಿರೊಟ್ಟಿ ಮಾಡು, ಆದರೆ ಕುದಿನೀರಲ್ಲಿ ಉಕ್ಕರಿಸಿದ ಹಿಟ್ಟಿನದಲ್ಲ. ಹಸಿ ಅಕ್ಕಿಹಿಟ್ಟಿಗೆ ಸೌತೆಕಾಯಿ ತುರಿ, ಕಾಯಿತುರಿ, ಹಿತ್ತಲಿನ ಒಂದೆಲಗ ನಾಲ್ಕು ಎಲೆ ಹೆಚ್ಚಿ ಹಾಕಿ ಕಲಸು. ಸೌತೆಕಾಯಿ ನೀರು ಬಿಡುತ್ತದೆ, ಬೇರೆ ನೀರು ಕೈಯಳತೆಯಲ್ಲಿ ಹಾಕು. ಬಾಳೆಎಲೆಯ ಮೇಲೆ ಅಂಗೈಯಷ್ಟಗಲ ತೆಳ್ಳಗೆ ತಟ್ಟಿ, ನಡುವೆ ಒಂದು ತೂತು ಮಾಡಿ, ಸಣ್ಣ ಉರಿಯಲ್ಲಿ ಅಂಚು ಕೆಂಪಾಗುವ ತನಕ ಬಿಡು. ಅವಸರ ಮಾಡಿದರೆ ಮತ್ತೆ ಮೆತ್ತಗೆ, ಮತ್ತೆ ಬೆಕ್ಕಿಗೆ. ಹಸಿರು ಕಂಡರೆ ಓಡುತ್ತಾನೆಂದು ರುಬ್ಬಿ ಅಡಗಿಸಬೇಡ. ಒಮ್ಮೆ ಸಿಕ್ಕಿಬಿದ್ದರೆ ಆಮೇಲೆ ರೊಟ್ಟಿಯನ್ನೂ ನಂಬುವುದಿಲ್ಲ. ಎಲೆಯನ್ನು ಅವನಿಂದಲೇ ಕೀಳಿಸು.

ಕೆಮ್ಮಣ್ಣು ಬಳಿದಿಟ್ಟ ಹಲಸಿನ ಬೀಜ ಮನೆಯಲ್ಲಿ ಇದ್ದೇ ಇರುತ್ತದೆ. ತೊಳೆದು, ತುದಿ ಕತ್ತರಿಸಿ ಕೆಂಡದಲ್ಲಿ ಸುಡು. ಕತ್ತರಿಸದಿದ್ದರೆ ಸಿಡಿಯುತ್ತದೆ, ನನ್ನ ತಮ್ಮನ ಹುಬ್ಬು ಹಾಗೆಯೇ ಹೋಗಿತ್ತು. ಸಿಪ್ಪೆ ತೆಗೆದು ಸಣ್ಣಗೆ ಜಜ್ಜಿ ಕೊಡು. ಹಲಸಿನ ಹಪ್ಪಳವನ್ನೂ ಕೆಂಡದಲ್ಲೇ ಸುಡಬಹುದು, ಆದರೆ ಅದರಲ್ಲಿ ಉಪ್ಪಿದೆ, ದಿನವೂ ಬೇಡ.

ಬಿಸ್ಕತ್ತನ್ನು ಒಮ್ಮೆಲೇ ನಿಲ್ಲಿಸಬೇಡ. ತಟ್ಟೆಯಲ್ಲಿ ಒಂದು ಬಿಸ್ಕತ್ತು, ಪಕ್ಕದಲ್ಲಿ ಒಂದು ರೊಟ್ಟಿ. ತಿನ್ನು ಎಂದು ಒಂದು ಮಾತೂ ಆಡಬೇಡ, ನೀನೂ ಕೂತು ಕರುಂಕುರುಂ ಎಂದು ತಿನ್ನು.

ಉತ್ತರ: ಹೊಸನಗರದ ನರ್ಸಕ್ಕ

ಅಜ್ಜಿ ಹೇಳಿದ್ದು ಸರಿ. ಎರಡೇ ಮಾತು ಸೇರಿಸುತ್ತೇನೆ. ಐದು ವರ್ಷದೊಳಗಿನ ಮಕ್ಕಳಿಗೆ ಇಡೀ ಶೇಂಗಾ, ಗೋಡಂಬಿ ಕೊಡಬೇಡಿ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಹುರಿದು ಪುಡಿ ಮಾಡಿ ಕೊಡಿ. ಇನ್ನೊಂದು, ಮೂರು ಗಂಟೆಗೆ ದೊಡ್ಡ ಲೋಟ ಹಾಲು ಕುಡಿಸಿದರೆ ನಾಲ್ಕಕ್ಕೆ ಹಸಿವೆಲ್ಲಿಂದ ಬರಬೇಕು? ಮಲೆನಾಡಿನ ಮನೆಗಳಲ್ಲಿ ಮಕ್ಕಳಿಗೂ ಚಹಾ ಕೊಡುವ ರೂಢಿಯಿದೆ. ಚಹಾದ ಒಗರು ಆಹಾರದಲ್ಲಿನ ಕಬ್ಬಿಣದಂಶವನ್ನು ಮೈಗೆ ಹತ್ತಗೊಡುವುದಿಲ್ಲ. ಹೊಸ ತಿಂಡಿಯನ್ನು ಹತ್ತು ಸಲ ಮುಂದಿಟ್ಟ ಮೇಲೆ ಮುಟ್ಟುವ ಮಕ್ಕಳೂ ಇದ್ದಾರೆ. ಮೂರನೆಯ ದಿನಕ್ಕೇ ಸೋತೆ ಎನ್ನಬೇಡಿ.

ತೀರ್ಥಹಳ್ಳಿ ಸೊಸೆ: ಹನ್ನೊಂದು ದಿನವಾಯಿತು. ಮೊದಲ ನಾಲ್ಕು ದಿನ ರೊಟ್ಟಿಯ ತೂತಿನಲ್ಲಿ ಬೆರಳು ಸಿಕ್ಕಿಸಿಕೊಂಡು ಅಂಗಳದಲ್ಲಿ ಗಾಡಿ ಓಡಿಸಿದ. ಐದನೆಯ ದಿನ ಚಕ್ರದ ಅಂಚು ಕಚ್ಚಿದ. ಈಗ ಅಂಚು ಪೂರ್ತಿ ತಿನ್ನುತ್ತಾನೆ, ನಡುವಿನದು ನನಗೆ. ಒಂದೆಲಗ ಕೀಳಲು ಹೋಗಿ ದಿನವೂ ಉಂಬಳ (ಜಿಗಣೆ) ಕಚ್ಚಿಸಿಕೊಂಡು ಬರುತ್ತಾನೆ, ಅದೊಂದು ಹೊಸ ಕೆಲಸ. ಬಿಸ್ಕತ್ತು ಇನ್ನೂ ಒಂದು ಇದೆ. ಹಲಸಿನ ಬೀಜವನ್ನೂ ಅಜ್ಜಿ ಹೇಳಿದಂತೆಯೇ ಸುಟ್ಟೆ. ನಿನ್ನೆ ಒಗೆಯಲು ತೆಗೆದ ಅತ್ತೆಯ ಸೀರೆಯ ಸೆರಗಿನ ಗಂಟಿನಲ್ಲಿ ಸುಟ್ಟ ಬೀಜ ಐದು ಸಿಕ್ಕವು.