ಕೋಲಾ ಬೀಜ ಜಗಿದರೆ ಬಾಯಾರಿಕೆ ಹೋಗುತ್ತದೆಯೋ, ಬರೀ ಮರೆಯಾಗುತ್ತದೆಯೋ?

ಸಹೇಲ್_ದಾರಿ:
ನೈಜೀರಿಯಾದ ಕಾನೊ ಕಡೆ ಬಿಸಿಲಲ್ಲಿ ದುಡಿಯುವವರು, ಲಾರಿ ಓಡಿಸುವವರು 'ಗೋರೊ', ಅಂದರೆ ಪಶ್ಚಿಮ ಆಫ್ರಿಕಾದ ಕೋಲಾ ಮರದ ಕಹಿ ಬೀಜ, ಜಗಿಯುತ್ತಾರೆ. ಜಗಿದರೆ ನೀರಿಲ್ಲದೆ ಹೆಚ್ಚು ಹೊತ್ತು ತಡೆಯಬಹುದಂತೆ. ಆದರೆ ಅದರಲ್ಲಿ ಕೆಫೀನ್ ಇದೆ, ಉಚ್ಚೆಯೂ ಬೆವರೂ ಹೆಚ್ಚುತ್ತವೆ ಅಂತಲೂ ಹೇಳುತ್ತಾರೆ. ಯಾವುದು ಸರಿ? 40 ಡಿಗ್ರಿ ಸೆಕೆಯಲ್ಲಿ ಎಷ್ಟು ಜಗಿಯಬಹುದು?

ಒಗರು_ನಾಲಿಗೆ:
ಬಾಯಾರಿಕೆಗೆ ಎರಡು ಮೂಲ. ರಕ್ತದಲ್ಲಿ ಲವಣದ ಸಾಂದ್ರತೆ ಶೇ. 1–2 ಏರಿದರೆ ಸಾಕು, ಮಿದುಳು ನೀರು ಕೇಳುತ್ತದೆ. ಇದು ಮೈಯ ದಾಹ. ಬಾಯಿ ಒಣಗಿದಾಗ ಆಗುವುದು ಬೇರೆ. ಕೋಲಾ ಮುಟ್ಟುವುದು ಈ ಎರಡನೆಯದನ್ನು ಮಾತ್ರ. ಕಹಿ ಮತ್ತು ಜಗಿಯುವ ಕೆಲಸ ಸೇರಿ ಜೊಲ್ಲು ಬರಿಸುತ್ತವೆ, ಕೆಫೀನ್ ದಣಿವನ್ನೂ ಹಸಿವನ್ನೂ ಹಿಂದಕ್ಕೆ ತಳ್ಳುತ್ತದೆ. ಮೈಗೆ ಬೇಕಾದ ನೀರು ಮಾತ್ರ ಅಷ್ಟೇ ಬಾಕಿ ಇರುತ್ತದೆ.

ಇನ್ನೊಂದು ತೊಡಕು ಟ್ಯಾನಿನ್, ಬೀಜಕ್ಕೆ ಒಗರು ಕೊಡುವ ಅಂಶ. ಅದು ಜೊಲ್ಲಿನ ಪ್ರೋಟೀನಿಗೆ ಅಂಟಿಕೊಳ್ಳುವುದರಿಂದ ಚರಟ ಉಗಿದ ಮೇಲೆ ಬಾಯಿ ಒರಟಾಗಿ, ಒಗರಾಗಿ, ಒಣಗಿದಂತೆ ಆಗುತ್ತದೆ. ಆಗ ಇನ್ನೊಂದು ಹೋಳು ಬಾಯಿಗೆ ಹಾಕುವವರೇ ಹೆಚ್ಚು, ಬೇಕಾದದ್ದು ನೀರು. ಕೋಲಾ ಜಗಿದ ಬಾಯಿಗೆ ಸಾದಾ ನೀರೂ ಸಿಹಿ ಅನ್ನಿಸುವುದರಿಂದ ಒಂದು ಲೋಟ ಕುಡಿಯುವುದು ಕಷ್ಟವೇನಲ್ಲ.

ಬೆವರಿನ_ಲೆಕ್ಕ:
ಉಚ್ಚೆಯ ಭಯ ಸ್ವಲ್ಪ ಅತಿಯಾಯಿತು. ದಿನವೂ ಕೆಫೀನ್ ಸೇವಿಸುವವರಲ್ಲಿ ಒಮ್ಮೆಗೆ 200–250 ಮಿಲಿಗ್ರಾಂವರೆಗೆ ಕೆಫೀನ್ ತೆಗೆದುಕೊಂಡರೂ ಮೂತ್ರ ಹೆಚ್ಚುವುದು ಅತ್ಯಲ್ಪ. ರೂಢಿ ಇಲ್ಲದವರಿಗೆ ಮೊದಲ ಕೆಲವು ದಿನ ಗೊತ್ತಾಗುವಷ್ಟು ಹೆಚ್ಚಬಹುದು.

ಬೆವರಿನದೂ ಹಾಗೆಯೇ. ಕೆಫೀನ್ ಅಡ್ರಿನಲಿನ್ ಏರಿಸಿ ಮೈ ಸ್ವಲ್ಪ ಹೆಚ್ಚು ಶಾಖ ಹುಟ್ಟಿಸುವಂತೆ ಮಾಡುತ್ತದೆ, ಆ ಶಾಖ ಹೊರಹಾಕಲು ಬೆವರೂ ತುಸು ಏರಬಹುದು. ಆದರೆ ಬಿಸಿಲಲ್ಲಿ ಮೈಮುರಿದು ದುಡಿಯುವವನು ಗಂಟೆಗೆ ಒಂದು ಲೀಟರ್ ಬೆವರುವಾಗ ಕೋಲಾದ ಪಾಲು ಕಣ್ಣಿಗೆ ಬೀಳುವಂಥದ್ದಲ್ಲ. ನಿಜವಾದ ಅಪಾಯ ಬೇರೆ: ದಣಿವು ಗೊತ್ತಾಗದೆ ನೆರಳಿಗೆ ಬರದೆ ಇನ್ನೊಂದು ಗಂಟೆ ದುಡಿಯುತ್ತಾರೆ. ಆ ಗಂಟೆಯ ಬೆವರನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅಂಗೈ ಬೆವರಿ ಕೈ ನಡುಗಿದರೆ ಅದು ಸೆಕೆಯೊಂದೇ ಅಲ್ಲ, ಜಗಿದದ್ದು ಜಾಸ್ತಿಯಾಗಿರಬಹುದು.

ನೀರಿನ ಲೆಕ್ಕಕ್ಕೆ ಬಾಯನ್ನು ನಂಬಬೇಡಿ, ತಕ್ಕಡಿ ನಂಬಿ. ಕೆಲಸಕ್ಕೆ ಮುಂಚೆ, ಆಮೇಲೆ ಬೆವರು ಒರೆಸಿಕೊಂಡು, ಕಡಿಮೆ ಬಟ್ಟೆಯಲ್ಲಿ ತೂಗಿ. ಒಂದು ಕೆಜಿ ಇಳಿದರೆ ಹೆಚ್ಚುಕಡಿಮೆ ಒಂದು ಲೀಟರ್ ಬಾಕಿ. 70 ಕೆಜಿಯವರು 1.4 ಕೆಜಿ ಇಳಿದರೆ ಅದು ಶೇ. 2, ಅಲ್ಲಿಗೆ ಬರುವ ಮೊದಲೇ ಕುಡಿದಿರಬೇಕು. ತಕ್ಕಡಿ ಇಲ್ಲದಿದ್ದರೆ 15–20 ನಿಮಿಷಕ್ಕೊಮ್ಮೆ ಒಂದು ಲೋಟ, ದಾಹವಾಗಲಿ ಬಿಡಲಿ. ದಿನವಿಡೀ ಬೆವರುವವರಿಗೆ ಊಟದಲ್ಲಿ ಉಪ್ಪೂ ಬೇಕು.

ಸಹೇಲ್_ದಾರಿ:
ಸರಿ, ಎಷ್ಟು ಬೀಜ ಅಂತ ಹೇಳಲಿಲ್ಲವಲ್ಲ?

ಬೆವರಿನ_ಲೆಕ್ಕ:
ಬೀಜದ ಲೆಕ್ಕ ಬೇಡ, ತೂಕದ ಲೆಕ್ಕ ಇಡಿ. ಹಸಿ ಬೀಜದಲ್ಲಿ ಅರ್ಧಕ್ಕಿಂತ ಹೆಚ್ಚು ನೀರು. ಒಣ ತೂಕದ ಸುಮಾರು ಶೇ. 2 ಕೆಫೀನ್ ಅಂದುಕೊಳ್ಳಿ, ಕೆಲವು ಬೀಜಗಳಲ್ಲಿ ಇನ್ನೂ ಹೆಚ್ಚು. 15 ಗ್ರಾಂ ಹಸಿ ಬೀಜ ಪೂರ್ತಿ ನುಂಗಿದರೆ ಸುಮಾರು 130 ಮಿಲಿಗ್ರಾಂ. ಚರಟ ಉಗಿದರೆ ಕಡಿಮೆ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2015ರಲ್ಲಿ ವಯಸ್ಕರಿಗೆ ಒಮ್ಮೆಗೆ 200, ದಿನಕ್ಕೆ 400 ಮಿಲಿಗ್ರಾಂ ಎಂದು ಹೇಳಿದೆ. ಬಸುರಿಯರಿಗೆ ಇಡೀ ದಿನಕ್ಕೆ 200. ಸೆಕೆಯಲ್ಲಿ ನಾನಾದರೆ ಒಮ್ಮೆಗೆ ಇಂಥ 15 ಗ್ರಾಂ ಬೀಜದ ಅರ್ಧ ದಾಟಬೇಡಿ ಎನ್ನುತ್ತೇನೆ.

ಮದ್ದಿನ_ಪೆಟ್ಟಿಗೆ:
ಈ ಲೆಕ್ಕ ಹಸಿ ಬೀಜಕ್ಕೆ ಮಾತ್ರ. ಒಣಗಿದ ಬೀಜ, ಪುಡಿ ಆದರೆ ಅದೇ ತೂಕಕ್ಕೆ ಸುಮಾರು ಎರಡು ಪಟ್ಟು ಕೆಫೀನ್.

ಭೇದಿ ಹಿಡಿದಾಗ ಕೋಲಾ ಬಿಡಿ. ನೀರು ಕಳೆದುಕೊಳ್ಳುತ್ತಿರುವಾಗ ದಾಹ ಅಡಗಿಸುವುದು ಕೆಟ್ಟದ್ದು ಅನ್ನುವುದು ಒಂದಾದರೆ, ಭೇದಿಗೆ ಕೊಡುವ ಸಿಪ್ರೊಫ್ಲಾಕ್ಸಸಿನ್ ಮಾತ್ರೆ ಯಕೃತ್ತಿನಲ್ಲಿ ಕೆಫೀನ್ ಕರಗುವುದನ್ನೇ ನಿಧಾನಿಸುತ್ತದೆ. ಸಾಮಾನ್ಯವಾಗಿ 5 ಗಂಟೆಯಲ್ಲಿ ಅರ್ಧಕ್ಕಿಳಿಯುವ ಕೆಫೀನ್ ಆಗ ಹೆಚ್ಚು ಹೊತ್ತು ಉಳಿದು ಎದೆಬಡಿತ, ನಿದ್ದೆಗೇಡು ತರುತ್ತದೆ. ಅಂಥ ದಿನ ಒಂದು ಲೀಟರ್ ಶುದ್ಧ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು, ಎರಡನ್ನೂ ಮಟ್ಟವಾಗಿ ಅಳೆದು ಕದಡಿ ಕುಡಿಯಿರಿ. ಉಪ್ಪು ಕೈಅಂದಾಜಿಗೆ ಹಾಕಬೇಡಿ, ಹೆಚ್ಚಾದರೆ ಅಪಾಯ.