ರೆಸಿಡೆನ್ಸಿಗೆ ಊರು ಬಿಡೋ ಖರ್ಚು: ಮೇ ತಿಂಗಳಿಂದ ಜುಲೈ ಸಂಬಳದ ತನಕ ದುಡ್ಡು ಎಲ್ಲಿಂದ?

ಎಮ್ಎಸ್4_ಕೊನೇಬೆಂಚು

ಎಲ್ಲರಿಗೂ ನಮಸ್ಕಾರ. ಮ್ಯಾಚ್ ಆಯ್ತು, ಅಂದ್ರೆ ಮೆಡಿಕಲ್ ಕಾಲೇಜು ಮುಗಿದ ಮೇಲೆ ಆಸ್ಪತ್ರೇಲಿ ಸಂಬಳ ತಗೊಂಡು ಮಾಡೋ ತರಬೇತಿಗೆ (ರೆಸಿಡೆನ್ಸಿ) ಸೀಟು ಸಿಕ್ತು, ಇಂಟರ್ನಲ್ ಮೆಡಿಸಿನ್, ಆರೆಗಾನ್‌ನ ಪೋರ್ಟ್‌ಲ್ಯಾಂಡ್. ಈಗಿರೋದು ಓಹಾಯೋದ ಕೊಲಂಬಸ್‌ನಲ್ಲಿ, ಅಂದ್ರೆ ದೇಶದ ಅರ್ಧಕ್ಕಿಂತ ಜಾಸ್ತಿ ದಾಟ್ಬೇಕು. ಖುಷಿ ಇದೆ, ಆದ್ರೆ ಲೆಕ್ಕ ಹಾಕೋಕೆ ಕೂತ್ರೆ ತಲೆ ಕೆಡ್ತಿದೆ. ಕೊನೇ ಲೋನ್ ದುಡ್ಡು ಜನವರಿಲೇ ಬಂದಾಯ್ತು, ಗ್ರ್ಯಾಜುಯೇಷನ್ ಮೇ ಮಧ್ಯದಲ್ಲಿ, ಮನೆ ಲೀಸ್ ಮೇ 31ಕ್ಕೆ ಮುಗಿಯುತ್ತೆ, ಓರಿಯೆಂಟೇಷನ್ ಜೂನ್ ಮಧ್ಯದಲ್ಲಿ, ಕಾಂಟ್ರ್ಯಾಕ್ಟ್ ಶುರು ಜುಲೈ 1. ಈ ಮಧ್ಯದಲ್ಲಿ ಹೊಸ ಮನೆಗೆ ಡಿಪಾಸಿಟ್ಟು, ಮೊದಲ ತಿಂಗಳ ಬಾಡಿಗೆ, ಟ್ರಕ್, ದಾರೀಲಿ ಹೋಟೆಲ್, ಟ್ರೈನಿಂಗ್ ಲೈಸೆನ್ಸ್ ಫೀಸು, ಊಟ ತಿಂಡಿ ಎಲ್ಲಾ ಇದೆ, ಒಂದು ರೂಪಾಯಿ ಆದಾಯ ಇಲ್ಲ.

ಕಾಲೇಜಿನ ಫೈನಾನ್ಷಿಯಲ್ ಏಡ್ ಆಫೀಸಲ್ಲಿ ಕೇಳಿದೆ. ಫೆಡರಲ್ (ಕೇಂದ್ರ ಸರ್ಕಾರದ) ಲೋನ್ ಲೆಕ್ಕ ಓದ್ತಿರೋ ಅವಧಿಗೆ ಮಾತ್ರ, ಆಮೇಲೆ ಊರು ಬದಲಾಯಿಸೋ ಖರ್ಚನ್ನ ಅದರಲ್ಲಿ ಸೇರಿಸೋಕೆ ಬರಲ್ಲ, ಬೇಕಿದ್ರೆ ಪ್ರೈವೇಟ್ 'ರೆಸಿಡೆನ್ಸಿ ಅಂಡ್ ರೀಲೊಕೇಷನ್ ಲೋನ್' ನೋಡಿ ಅಂದ್ರು. ಈಗಾಗ್ಲೇ ಎರಡು ಲಕ್ಷ ಡಾಲರ್ ಮೇಲೆ ಸಾಲ ಇದೆ. ಅಪ್ಪ ರಿಟೈರ್ ಆಗಿದ್ದಾರೆ, ಅವರನ್ನ ಕೋಸೈನ್ ಮಾಡಿ (ಸಾಲಕ್ಕೆ ಜಾಮೀನು ಸಹಿ ಹಾಕಿ) ಅಂತ ಕೇಳೋಕೆ ನಂಗಿಷ್ಟ ಇಲ್ಲ. ನೀವೆಲ್ಲ ಹೆಂಗೆ ಮಾಡ್ಕೊಂಡ್ರಿ? ಪ್ರೋಗ್ರಾಂನವ್ರು ಏನಾದ್ರೂ ಕೊಡ್ತಾರಾ? ಸೇರೋಕೆ ಮುಂಚೆನೇ ದುಡ್ಡಿನ ವಿಷಯ ಎತ್ತಿದ್ರೆ ಏನಂದ್ಕೋತಾರೋ ಅನ್ನೋ ಅಳುಕು ಬೇರೆ.

ರಾತ್ರಿಪಾಳಿ_ಪಿಜಿವೈ3

ಕಂಗ್ರಾಟ್ಸ್ ಗುರು! ಏನೂ ಅಂದ್ಕೊಳಲ್ಲ, ಮ್ಯಾಚ್ ಅನ್ನೋದು ಎರಡೂ ಕಡೆಗೆ ಕಟ್ಟುಪಾಡು, ಊರು ಬದಲಾಯಿಸೋ ಖರ್ಚಿಗೆ ಸ್ಟೈಪೆಂಡ್ ಕೇಳಿದ್ರು ಅಂತ ಯಾರೂ ನಿನ್ನ ಕೈಬಿಡೋಕಾಗಲ್ಲ. ಡೈರೆಕ್ಟರ್‌ಗೆ ಬರೀಬೇಡ, ಪ್ರೋಗ್ರಾಂ ಕೋಆರ್ಡಿನೇಟರ್‌ಗೆ ಇಲ್ಲ ಜಿಎಂಇ ಆಫೀಸಿಗೆ (ಆಸ್ಪತ್ರೇಲಿ ಎಲ್ಲಾ ರೆಸಿಡೆಂಟ್‌ಗಳ ವ್ಯವಹಾರ ನೋಡೋ ಆಫೀಸು) ಬರಿ, ಅವರಿಗೆ ಪ್ರತಿ ವರ್ಷ ಇದೇ ಕೆಲಸ.

ಲೋನ್ ಬಗ್ಗೆ ಯೋಚ್ನೆ ಮಾಡೋಕೆ ಮುಂಚೆ ಒಂದೇ ಒಂದು ವಿಷಯ ತಿಳ್ಕೋ, ಮೊದಲ ಸಂಬಳ ಯಾವ ತಾರೀಖು ಬ್ಯಾಂಕಿಗೆ ಬೀಳುತ್ತೆ. ಕೆಲವು ಕಡೆ ಎರಡು ವಾರಕ್ಕೊಮ್ಮೆ ಕೊಡ್ತಾರೆ, ಜುಲೈ ಮಧ್ಯಕ್ಕೆ ಬಂದ್ಬಿಡುತ್ತೆ, ಕೆಲವು ಕಡೆ ತಿಂಗಳ ಕೊನೆಗೇ, ಅಂದ್ರೆ ಜುಲೈ 31ರ ತನಕ ಕೈ ಖಾಲಿ. ಓರಿಯೆಂಟೇಷನ್‌ಗೆ ಸಂಬಳ ಇದೆಯಾ ಅಂತಾನೂ ಕೇಳು, ಕೆಲವರು ಕೊಡ್ತಾರೆ ಕೆಲವರು ಕೊಡಲ್ಲ. ಇಂಟರ್ನ್ (ಮೊದಲ ವರ್ಷದ ರೆಸಿಡೆಂಟ್) ಸಂಬಳ ವರ್ಷಕ್ಕೆ 60 ಸಾವಿರ ಡಾಲರ್ ಮೇಲೆ ಇರುತ್ತೆ, ಒಂದ್ಸಲ ಬರೋಕೆ ಶುರುವಾದ್ರೆ ಬದುಕ್ಕೋತೀಯ, ನಿನ್ನ ಕಷ್ಟ ಇರೋದು ಮಧ್ಯದ ಆ ಎರಡು ತಿಂಗಳದ್ದು ಮಾತ್ರ. ಅದಕ್ಕೇ ಒಟ್ಟು ಎಷ್ಟು ಖರ್ಚು ಅನ್ನೋದಕ್ಕಿಂತ ಯಾವ ವಾರ ಎಷ್ಟು ಕಟ್ಬೇಕು ಅನ್ನೋದನ್ನ ಬರ್ಕೋ.

ರೀಲೊಕೇಷನ್ ಸ್ಟೈಪೆಂಡ್ ಇದ್ರೆ ಬೆನಿಫಿಟ್ಸ್ ಪೇಜಲ್ಲಿ ಎಲ್ಲೋ ಮೂಲೇಲಿ ಬರೆದಿರ್ತಾರೆ. ರಸೀದಿ ಕೊಟ್ರೆ ಮಾತ್ರ ಕೊಡೋ ಕಡೆನೂ ಇದೆ, ಸೋ ಪೆಟ್ರೋಲ್ ಬಿಲ್‌ನಿಂದ ಹಿಡಿದು ಎಲ್ಲಾ ಇಟ್ಕೋ. ಮನೆ ಹುಡುಕೋವಾಗ ಪೇಸ್ಲಿಪ್ ಕೇಳ್ತಾರೆ, ಬಾಡಿಗೆಯ ಮೂರು ಪಟ್ಟು ಆದಾಯ ತೋರ್ಸಿ ಅಂತಾರೆ, ಸಹಿ ಆಗಿರೋ ರೆಸಿಡೆನ್ಸಿ ಕಾಂಟ್ರ್ಯಾಕ್ಟ್ ಕೊಡು, ಆಸ್ಪತ್ರೆ ಹತ್ರದ ಮನೆಯವ್ರಿಗೆ ಇದು ಹೊಸದಲ್ಲ.

ಚಿಲ್ರೆ_ಲೆಕ್ಕ

ಲೋನ್ ವಿಷಯ ನಾನು ಹೇಳ್ತೀನಿ.

ಏಡ್ ಆಫೀಸಿನವ್ರು ಹೇಳಿದ್ದು ಸರಿ, ಆದ್ರೆ ಅರ್ಧ ಮಾತ್ರ. ಈ ಸೆಮಿಸ್ಟರ್‌ಗೆ ನಿಮಗೆ ಆಫರ್ ಮಾಡಿದ್ದ ಫೆಡರಲ್ ಲೋನನ್ನ ಪೂರ್ತಿ ತಗೊಂಡಿದೀರಾ? ಖರ್ಚು ಕಮ್ಮಿ ಮಾಡೋಣ ಅಂತ ಕೆಲವರು ಒಂದಿಷ್ಟು ಬಿಟ್ಟಿರ್ತಾರೆ. ನೀವಿನ್ನೂ ಸ್ಟೂಡೆಂಟ್ ಆಗಿರೋ ತನಕ, ಕಾಲೇಜು ಹಾಕಿರೋ ಒಟ್ಟು ಖರ್ಚಿನ ಮಿತಿಯೊಳಗೆ, ಉಳಿದಿದ್ದನ್ನ ಈಗಲೂ ಕೇಳಬಹುದು. ಇದಕ್ಕೆ ಬೇರೆ ಹೆಸರು ಬೇಡ, ಏಪ್ರಿಲ್ ಮೇ ತಿಂಗಳ ಬಾಡಿಗೆ ಊಟಕ್ಕೆ ಅದು, ಹಾಗಾದ್ರೆ ನಿಮ್ಮ ಸ್ವಂತ ಉಳಿತಾಯ ಟ್ರಕ್ಕಿಗೆ ಉಳಿಯುತ್ತೆ. ಗ್ರ್ಯಾಡ್ ಪ್ಲಸ್ ಅನ್ನೋ ಫೆಡರಲ್ ಲೋನ್‌ಗೆ 4 ಪರ್ಸೆಂಟ್ ಮೇಲೆ ಫೀಸು ಹಿಡಿತಾರೆ ನಿಜ, ಆದ್ರೆ ದುಡ್ಡು ಬಂದ 120 ದಿನದೊಳಗೆ ವಾಪಸ್ ಕೊಟ್ಟ ಭಾಗಕ್ಕೆ ಬಡ್ಡಿನೂ ಇಲ್ಲ ಫೀಸೂ ಇಲ್ಲ. ಗ್ರ್ಯಾಜುಯೇಟ್ ಆದ್ಮೇಲೆ ಈ ಬಾಗಿಲು ಮುಚ್ಚುತ್ತೆ, ಅದಕ್ಕೆ ಇವತ್ತೇ ಹೋಗಿ ಕೇಳಿ. (ಹಿಂದೆ ಬರೋರಿಗೆ ಇನ್ನೂ ಕಷ್ಟ, 2026 ಜುಲೈ 1ರಿಂದ ಹೊಸದಾಗಿ ಸಾಲ ತಗೊಳೋರಿಗೆ ಗ್ರ್ಯಾಡ್ ಪ್ಲಸ್ಸೇ ಇಲ್ಲ.)

ಪ್ರೈವೇಟ್ ರೀಲೊಕೇಷನ್ ಲೋನ್, ಸ್ಯಾಲಿ ಮೇ ತರದ ಕಂಪನಿಯವ್ರು ಕೊಡೋದು, ಅದು ಕೊನೇ ದಾರಿ. ಕ್ರೆಡಿಟ್ ಸ್ಕೋರ್ ನೋಡ್ತಾರೆ, ಕೋಸೈನರ್ ಇದ್ರೆ ಬಡ್ಡಿ ಇಳಿಯುತ್ತೆ. ರೆಸಿಡೆನ್ಸಿ ಮುಗಿಯೋ ತನಕ ಕಟ್ಟೋದು ಬೇಡ ಅಂದ್ರೂ ಬಡ್ಡಿ ಸುಮ್ನೆ ಕೂತಿರಲ್ಲ. ಪಿಎಸ್‌ಎಲ್‌ಎಫ್‌ನಲ್ಲಿ (ಸಾರ್ವಜನಿಕ ಸೇವೇಲಿ ಇರೋರ ಫೆಡರಲ್ ಸಾಲ ಮನ್ನಾ ಮಾಡೋ ಯೋಜನೆ) ಮನ್ನಾ ಆಗಲ್ಲ, ಆದಾಯ ನೋಡಿ ಕಂತು ಇಳಿಸೋ ಪ್ಲಾನೂ ಇಲ್ಲ. ಆಮೇಲೆ ಎಲ್ಲಾ ಒಂದೇ ಅಂತ ಫೆಡರಲ್ ಸಾಲಾನೂ ಸೇರಿಸಿ ಪ್ರೈವೇಟ್‌ಗೆ ರೀಫೈನಾನ್ಸ್ ಮಾಡ್ಬಿಟ್ರೆ ಅದರ ಸೌಲಭ್ಯಾನೂ ಹೋಯ್ತು.

ಟ್ಯಾಕ್ಸ್ ಬಗ್ಗೆ ಎರಡು ಮಾತು. ಸಾಗಾಣಿಕೆ ಖರ್ಚನ್ನ ಫೆಡರಲ್ ಟ್ಯಾಕ್ಸಲ್ಲಿ ಕಳೆಯೋದು 2018ರಿಂದ ನಿಂತೋಗಿತ್ತು, 2025ರ ಕಾನೂನಲ್ಲಿ ಖಾಯಂ ಆಗಿ ತೆಗೆದ್ರು, ಮಿಲಿಟರಿಯಲ್ಲಿರೋರಂಥ ಕೆಲವರಿಗೆ ಮಾತ್ರ ಉಳಿದಿದೆ. ಆಸ್ಪತ್ರೆ ಕೊಡೋ ಸ್ಟೈಪೆಂಡ್ ಕೂಡ ಸಂಬಳ ಅಂತಾನೇ ಲೆಕ್ಕ, ಟ್ಯಾಕ್ಸ್ ಹಿಡಿದು ಕೊಡ್ತಾರೆ, ಪೇಪರ್ ಮೇಲಿರೋ ಮೊತ್ತ ನಂಬ್ಕೊಂಡು ಖರ್ಚು ಮಾಡ್ಬೇಡಿ. ಫೆಡರಲ್ ಲೋನ್ ಕಂತಿನ ಬಗ್ಗೆ ಈಗ ಹೆದರಬೇಡಿ, ಗ್ರ್ಯಾಜುಯೇಷನ್ ಆದ್ಮೇಲೆ 6 ತಿಂಗಳು ಟೈಮ್ ಇದೆ.

ಡಬ್ಬ_ಟೇಪು

ನಮ್ಮೆಜಮಾನ್ರು ರೆಸಿಡೆಂಟ್, ಆಮೇಲೆ ಫೆಲೋಶಿಪ್, ಸೋ ಮನೆ ಖಾಲಿ ಮಾಡೋದ್ರಲ್ಲಿ ನಂಗೆ ಪಿಎಚ್‌ಡಿ ಆಗಿದೆ 😀

ತಮ್ಮಾ, ಅಷ್ಟು ದೂರಕ್ಕೆ ಸೋಫಾ ಮಂಚ ಹೊತ್ಕೊಂಡು ಹೋಗ್ಬೇಡ. ಟ್ರಕ್ ದುಡ್ಡು ಜಾಗಕ್ಕೆ ಮತ್ತೆ ದೂರಕ್ಕೆ, ಒನ್‌ವೇ ಬಾಡಿಗೆ ಅಂದ್ರೆ ಇನ್ನೂ ಜಾಸ್ತಿ, ಅದರ ಮೇಲೆ ಪೆಟ್ರೋಲು. ಅಲ್ಲಿ ಜೂನ್ ಕೊನೆಗೆ ಸೀನಿಯರ್‌ಗಳು ರೆಸಿಡೆನ್ಸಿ ಮುಗಿಸಿ ಹೊರಡ್ತಾರಲ್ಲ, ಅವರಿಗೂ ನಿನ್ನ ಹಾಗೇ ಸಾಮಾನು ಭಾರ, ಕೋಆರ್ಡಿನೇಟರ್ ಕೈಲಿ ಒಂದು ಇಮೇಲ್ ಹಾಕ್ಸು, ಮಂಚ ಮೇಜು ಪುಕ್ಕಟೆಗೂ ಸಿಗುತ್ತೆ, ಮನೆನೇ ಸಿಕ್ಕಿದ್ರೂ ಸಿಗಬಹುದು. ಅಲ್ಲೀತನಕ ಗಾಳಿ ಹಾಸಿಗೆ ಸಾಕು. ಪುಸ್ತಕ ಇದ್ರೆ ಪೋಸ್ಟಾಫೀಸಿನ ಮೀಡಿಯಾ ಮೇಲ್‌ನಲ್ಲಿ ಕಳಿಸು, ನಿಧಾನ ಆದ್ರೂ ಅಗ್ಗ, ಆದ್ರೆ ಪುಸ್ತಕದ ಡಬ್ಬದಲ್ಲಿ ಕುಕ್ಕರ್ ತುರುಕಬೇಡ, ಅವರು ತೆಗೆದು ನೋಡಬಹುದು.

ಮೂವರ್ಸ್ ಗೊತ್ತು ಮಾಡೋದಾದ್ರೆ ಫೋನಲ್ಲಿ ಚೀಪಾಗಿ ಹೇಳೋರೆಲ್ಲ ಬ್ರೋಕರ್‌ಗಳೇ ಇರಬಹುದು ಅಂತಾನೇ ಅಂದ್ಕೋ. ಯುಎಸ್‌ಡಾಟ್ ನಂಬರ್ (ಸಾಗಾಣಿಕೆ ಕಂಪನಿಯ ಸರ್ಕಾರಿ ನೋಂದಣಿ ಸಂಖ್ಯೆ) ಕೇಳಿ ಎಫ್‌ಎಂಸಿಎಸ್‌ಎ ಅನ್ನೋ ಸರ್ಕಾರಿ ಸೈಟಲ್ಲಿ ಹಾಕಿ ನೋಡು. ನಮ್ಮ ಸಾಮಾನು ತಂದೋರು ಒಂದು ಕಂಪನಿ, ಬುಕ್ ಮಾಡ್ಕೊಂಡೋರು ಇನ್ನೊಂದು, ಬಾಗಿಲಲ್ಲಿ ನಿಂತು ಎರಡರಷ್ಟು ಕೇಳಿದ್ರು. ನಾನ್‌ಬೈಂಡಿಂಗ್ ಎಸ್ಟಿಮೇಟ್ (ಕೊನೇ ಬಿಲ್ ಬದಲಾಗಬಹುದಾದ ಅಂದಾಜು) ಇದ್ರೆ ಇಳಿಸೋವಾಗ ಅಂದಾಜಿನ 110 ಪರ್ಸೆಂಟ್‌ಗಿಂತ ಜಾಸ್ತಿ ಕೊಡಿ ಅಂತ ಪಟ್ಟು ಹಿಡಿಯೋ ಹಾಗಿಲ್ಲ, ಆ ರೂಲ್ ತೋರಿಸಿದ ಮೇಲೇ ಸಾಮಾನು ಇಳೀತು. ಇನ್ನೊಂದು, ಬೇರೆ ವಿಮೆ ತಗೊಳ್ಳದೆ ಬೇಸಿಕ್ ರಕ್ಷಣೆಗೆ ಸಹಿ ಹಾಕಿದ್ರೆ ಪೌಂಡಿಗೆ 60 ಸೆಂಟ್ ಮಾತ್ರ, 30 ಪೌಂಡಿನ ಟಿವಿ ಒಡೆದ್ರೆ 18 ಡಾಲರ್ ಕೈಗಿಡ್ತಾರೆ.

ಹೆಲ್ತ್ ಇನ್ಶೂರೆನ್ಸ್ ಮರೀಬೇಡ. ಸ್ಟೂಡೆಂಟ್ ಪ್ಲಾನ್ ಯಾವತ್ತು ಮುಗಿಯುತ್ತೆ ನೋಡು, ಮಧ್ಯೆ ಗ್ಯಾಪ್ ಬಂದ್ರೆ ಸರ್ಕಾರದ ವಿಮೆ ಮಾರ್ಕೆಟ್‌ಪ್ಲೇಸಲ್ಲಿ ಹೊಸ ಪ್ಲಾನ್ ತಗೊಳೋಕೆ 60 ದಿನ ಇರುತ್ತೆ.

ಸುಮ್ನೆ_ಬಂದೆ

ಇಲ್ಲಿ ಎಲ್ಲರೂ ಪ್ರೈವೇಟ್ ಲೋನ್ ಅಂದ್ರೆ ಹಾವು ತುಳಿದವರ ಹಾಗೆ ಆಡ್ತಿದಾರೆ. ಎರಡು ಲಕ್ಷ ಸಾಲ ಇರೋನಿಗೆ ಇನ್ನೊಂದು ನಾಲ್ಕು ಸಾವಿರ ಏನು ದೊಡ್ಡದು? ಇಂಟರ್ನ್ ವರ್ಷ ಶುರು ಮಾಡೋಕೆ ಮುಂಚೆ ನಿದ್ದೆಗೆಟ್ಟು ಗಾಳಿ ಹಾಸಿಗೆ ಮೇಲೆ ಮಲಗೋದಕ್ಕಿಂತ ಸಾಲ ತಗೊಂಡು ನೆಮ್ಮದಿಯಾಗಿ ಹೋಗೋದು ವಾಸಿ.

ಚಿಲ್ರೆ_ಲೆಕ್ಕ

ನಾಲ್ಕು ಸಾವಿರಕ್ಕೆ ನಿಲ್ಸೋರಿಗೆ ನಂದೇನೂ ತಕರಾರಿಲ್ಲ. ಆದ್ರೆ ಅಪ್ರೂವ್ ಆಗೋದು ಜಾಸ್ತಿ, ಹೇಗೂ ಕೊಡ್ತಿದಾರಲ್ಲ ಅಂತ ಹೊಸ ಮಂಚಾನೂ ಅದರಲ್ಲೇ ಬರುತ್ತೆ. ಸಣ್ಣ ಮೊತ್ತ ಅಂದ್ರೆ ಶುರುವಲ್ಲಿ ಬಡ್ಡಿ ಇಲ್ಲದ 0 ಪರ್ಸೆಂಟ್ ಕ್ರೆಡಿಟ್ ಕಾರ್ಡ್ ವಾಸಿ, ಟ್ರಕ್, ಹೋಟೆಲ್, ಲೈಸೆನ್ಸ್ ಫೀಸು ಅದಕ್ಕೆ ಹಾಕಿ ಕೈಲಿರೋ ಕ್ಯಾಶ್ ಡಿಪಾಸಿಟ್ಟಿಗೆ ಇಟ್ಕೊಬಹುದು. ಆಫರ್ ಮುಗಿಯೋದ್ರೊಳಗೆ ತೀರಿಸ್ಬೇಕು ಅಷ್ಟೇ, ಆಮೇಲೆ ಬಡ್ಡಿ 20 ದಾಟುತ್ತೆ.

ಎಮ್ಎಸ್4_ಕೊನೇಬೆಂಚು

ಎಲ್ಲರಿಗೂ ಥ್ಯಾಂಕ್ಸ್, ಅಪ್‌ಡೇಟ್ ಕೊಡ್ತೀನಿ. ಕೋಆರ್ಡಿನೇಟರ್ ಅವತ್ತೇ ಉತ್ತರ ಕೊಟ್ರು. ಓರಿಯೆಂಟೇಷನ್‌ಗೆ ಸಂಬಳ ಇದೆ, ಮೊದಲ ಪೇ ಜುಲೈ ಮಧ್ಯಕ್ಕೆ, ಸ್ಟೈಪೆಂಡೂ ಇದೆ ಆದ್ರೆ ಅದು ಬರೋದು ಮೊದಲ ಪೇ ಜೊತೆಗೇ, ಅಂದ್ರೆ ನಂಗೆ ದುಡ್ಡು ಬೇಕಾಗಿರೋ ಟೈಮಲ್ಲಿ ಇಲ್ಲ. ಲೋನ್‌ನಲ್ಲಿ ನಾನು ಬಿಟ್ಟಿದ್ದ ಸ್ವಲ್ಪ ಮೊತ್ತ ಇತ್ತು, ಅದಕ್ಕೆ ಅರ್ಜಿ ಹಾಕಿದೀನಿ. ಸೋಫಾ ಮಾರಾಟಕ್ಕಿಟ್ಟೆ. ಡಬ್ಬ ಅಕ್ಕಾ, ಗಾಳಿ ಹಾಸಿಗೆ ಯಾವ ಬ್ರ್ಯಾಂಡು?

ರಾತ್ರಿಪಾಳಿ_ಪಿಜಿವೈ3

ಸ್ಟೈಪೆಂಡ್‌ನ ಅಡ್ವಾನ್ಸಾಗಿ ಕೊಡೋಕಾಗುತ್ತಾ ಅಂತ ಇನ್ನೊಂದು ಸಲ ಜಿಎಂಇಗೇ ನೇರ ಬರಿ, ಕೋಆರ್ಡಿನೇಟರ್ ಕೈಲಿ ಅದು ಇರಲ್ಲ. ಡೈರೆಕ್ಟ್ ಡಿಪಾಸಿಟ್ ಫಾರ್ಮನ್ನೂ ಈಗ್ಲೇ ತುಂಬು, ತಡ ಆದ್ರೆ ಮೊದಲ ಚೆಕ್ ಪೋಸ್ಟಲ್ಲಿ ಓಹಾಯೋ ಅಡ್ರೆಸ್ಸಿಗೆ ಹೋಗುತ್ತೆ.